ವಾಸನೆ ಬಂದರೆ ನೀವೇ ಹೇಳಿ

ಶಿವಮೊಗ್ಗದ ಹೊಸಮನೆಯಲ್ಲಿ ಒಂದು ಗ್ಯಾರೇಜಿದೆ. ಗ್ಯಾರೇಜ್ ಅಂದರೆ ಮೂರು ತಗಡಿನ ಶೀಟು, ಒಂದು ಷಟರು, ಎರಡು ಕಾರು ಒತ್ತೊತ್ತಾಗಿ ನಿಲ್ಲುವಷ್ಟು ಜಾಗ, ಅಷ್ಟೇ. ಒಳಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ರಟ್ಟು ನೇತುಹಾಕಿದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿದೆ: ‘ನನಗೆ ವಾಸನೆ ತಿಳಿಯುವುದಿಲ್ಲ. ಗಾಡಿಯಲ್ಲಿ ವಾಸನೆ ಬಂದರೆ ನೀವೇ ಹೇಳಿ.’ ಅಕ್ಷರ ನನ್ನದು. ಬರೆಸಿದವರು ಆ ಗ್ಯಾರೇಜಿನ ಮಾಲೀಕರು. ಹೋದ ತಿಂಗಳು ಅವರು ತೀರಿಕೊಂಡರು.

ತನ್ನ ಕಸುಬಿಗೆ ಬೇಕಾದದ್ದೇ ತನ್ನಲ್ಲಿಲ್ಲ ಎಂದು ಅಂಗಡಿಯ ಗೋಡೆಗೆ ಬರೆದು ಹಾಕಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಭದ್ರಾವತಿಯಲ್ಲಿ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಮಕ್ಕಳ ಮುಂದೆ ಒಂದು ದಿನವೂ ಒಪ್ಪಿಕೊಂಡವನಲ್ಲ. ‘ಅದು ಮುಂದಿನ ಕ್ಲಾಸಿನಲ್ಲಿ ಬರುತ್ತೆ, ಕೂತ್ಕೋ’ ಅಂದು ಬಾಯಿ ಮುಚ್ಚಿಸುತ್ತಿದ್ದೆ. ಅಂಥವನ ಕೈಯಿಂದಲೇ ಅವರು ಆ ರಟ್ಟು ಬರೆಸಿದರು.

ನಮ್ಮ ಪರಿಚಯ ಹದಿನಾಲ್ಕು ವರ್ಷದ್ದು. ನಾನು ಈ ಹಳೆಯ ಸಣ್ಣ ಕಾರನ್ನು ಕೊಂಡ ಹೊಸತರಲ್ಲಿ, ಮುಂದಿನ ಫಲಕದಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತಿಕೊಂಡು ಆರಲೊಲ್ಲದು. ಯಾರೋ ‘ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಾಯಿಸಿ’ ಅಂದಿದ್ದರು. ಅದನ್ನೇ ಗಿಳಿಪಾಠ ಒಪ್ಪಿಸಿದ ಹಾಗೆ ಹೊಸಮನೆಗೆ ಹೋಗಿ ಒಪ್ಪಿಸಿದೆ. ತಲೆಕೆಳಗಾಗಿಟ್ಟ ಆಯಿಲ್ ಡಬ್ಬದ ಮೇಲೆ ಕೂತಿದ್ದ ಆ ಮನುಷ್ಯ ಕನ್ನಡಕ ತೆಗೆದು ಬನಿಯನ್ನಿನ ಅಂಚಿನಲ್ಲಿ ಒರೆಸುತ್ತ ಕೇಳಿದರು.

“ಹೋಗಿದೆ ಅಂತ ಯಾರು ಹೇಳಿದ್ದು?”

“ಅದೇ, ಲೈಟ್ ಬಂತಲ್ಲ.”

“ನಿಮ್ಮ ಸ್ಕೂಲಲ್ಲಿ ಒಬ್ಬ ಹುಡುಗ ಓಡಿ ಬಂದು ‘ಸಾರ್, ಅಲ್ಲಿ ಜಗಳ ಆಗ್ತಿದೆ’ ಅಂದ ಅನ್ಕೊಳ್ಳಿ. ನೀವು ಯಾರಿಗೆ ಹೊಡೀತೀರಿ ಮೇಷ್ಟ್ರೇ? ಓಡಿ ಬಂದೋನಿಗಾ?”

ನಾನು ಮೇಷ್ಟ್ರು ಅಂತ ಹೇಳಿಯೇ ಇರಲಿಲ್ಲ. ಹೇಗೆ ಗೊತ್ತಾಯಿತು ಅಂದರೆ, ಅಂಗಿಯ ಜೇಬಿನಲ್ಲಿ ಎರಡು ಬಣ್ಣದ ಪೆನ್ನಿದೆಯಲ್ಲ ಅಂದರು. ಆಮೇಲೆ ಎದ್ದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಮಗುವಿಗೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ. ಯಾವ ಗಾಡಿ ಬಂದರೂ ಅವರ ಮೊದಲ ಕೆಲಸ ಅದು. ಬಿಸಿ ಇದ್ದರೆ ‘ಈಗ ಬೇಡ’ ಅಂದುಬಿಡುತ್ತಿದ್ದರು. “ಬಿಸಿ ಗಾಡಿ ಸುಳ್ಳು ಹೇಳುತ್ತೆ. ಇವತ್ತು ಇಲ್ಲೇ ಬಿಟ್ಟು ಹೋಗಿ. ನಾಳೆ ಬೆಳಿಗ್ಗೆ ತಣ್ಣಗಿರೋವಾಗ ಮಾತಾಡಿಸ್ತೀನಿ.”

ಆ ಸೆನ್ಸರ್ ಅಂದರೆ ಏನು ಅನ್ನುವುದನ್ನು ಅವರು ಹೇಳಿಕೊಟ್ಟಷ್ಟು ಸಲೀಸಾಗಿ ನಾನು ಯಾವ ಪಾಠವನ್ನೂ ಹೇಳಿಕೊಟ್ಟಿಲ್ಲ. ಎಂಜಿನ್ನಿನಲ್ಲಿ ಉರಿದ ಹೊಗೆ ಸೈಲೆನ್ಸರಿನ ಕಡೆ ಹೋಗುವ ದಾರಿಯಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಒಂದು ತುಂಡು ಕೂತಿರುತ್ತದೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ಮೂಸಿ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಗಾಳಿ ಹೆಚ್ಚು ಅಂದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ, ಕಡಿಮೆ ಅಂದರೆ ಇಳಿಸುತ್ತದೆ. “ಗಾಡಿಯ ಮೂಗು ಇದು” ಅನ್ನುತ್ತಿದ್ದರು. ಅದು ಒಂದೇ ಏಟಿಗೆ ಸಾಯುವುದು ಅಪರೂಪವಂತೆ. ಮೊದಲು ಮಂಕಾಗುತ್ತದೆ. ಉತ್ತರ ಸರಿಯಾಗಿಯೇ ಹೇಳುತ್ತದೆ, ಆದರೆ ತಡವಾಗಿ. ದೀಪ ಹತ್ತುವುದಿಲ್ಲ, ಗಾಡಿ ಓಡುತ್ತಲೇ ಇರುತ್ತದೆ, ಮಾಲೀಕನಿಗೆ ಗೊತ್ತೇ ಆಗುವುದಿಲ್ಲ.

ಮಂಕಾಗಿದೆಯೇ ಎಂದು ನೋಡಲು ಅವರ ಹತ್ತಿರ ಮುಳ್ಳಿನ ಹಳೆಯ ಮೀಟರೊಂದಿತ್ತು. ಸ್ಕ್ಯಾನರ್ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಅದನ್ನು ಕೇಳುವುದು ಎರಡನೆಯದಾಗಿ. ಸೆನ್ಸರಿನ ವೈರಿಗೆ ಮೀಟರ್ ಸಿಕ್ಕಿಸಿ, ಎಂಜಿನ್ ಓಡಿಸಿ, ಹತ್ತು ಸೆಕೆಂಡಿನಲ್ಲಿ ಮುಳ್ಳು ಎಷ್ಟು ಸಲ ಅತ್ತಿಂದಿತ್ತ ತೂಗಾಡಿತು ಎಂದು ಎಣಿಸುತ್ತಿದ್ದರು. ಎಣಿಸುತ್ತಿದ್ದದ್ದು ತಮಿಳಿನಲ್ಲಿ. “ಒಣ್ಣು, ರೆಂಡು, ಮೂಣು...” ಅವರು ಹುಟ್ಟಿ ಬೆಳೆದದ್ದು ನಮ್ಮ ಭದ್ರಾವತಿಯಲ್ಲೇ, ಕಾರ್ಖಾನೆಯ ಕಡೆ. ಮೊದಲು ಕೆಲಸ ಕಲಿಸಿದ ಮೇಸ್ತ್ರಿ ತಮಿಳಿನವರು. ಕನ್ನಡದಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತೆ ಮಾರಾಯ್ರೆ ಅನ್ನುತ್ತಿದ್ದರು. ಎಂಟು, ಒಂಬತ್ತು ಬಂದರೆ ಸೆನ್ಸರ್ ಗಟ್ಟಿ. ನಾಲ್ಕಕ್ಕೆ ನಿಂತರೆ ಮುದಿ.

ಆದರೆ ಮೀಟರಿಗೂ ಮೊದಲು ಅವರ ಸ್ವಂತ ಮೂಗು. ತಣ್ಣಗಿರುವ ಗಾಡಿಯನ್ನು ಸ್ಟಾರ್ಟ್ ಮಾಡಿಸಿ, ಬಾನೆಟ್ಟಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಒಂದು ದೀರ್ಘ ಉಸಿರು. ಆಮೇಲೆ ಹಿಂದೆ ಹೋಗಿ ಸೈಲೆನ್ಸರಿನ ಬಳಿ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಉಸಿರು. ಆಲೆಮನೆ ವಾಸನೆ ಬಂದರೆ ಎಂಜಿನ್ ತಣಿಸುವ ಕೂಲೆಂಟ್ ಒಳಗೆ ಸೋರುತ್ತಿದೆ. ಸೀದ ಒಗ್ಗರಣೆಯಂತಿದ್ದರೆ ಆಯಿಲ್ ಉರಿಯುತ್ತಿದೆ. ಕಣ್ಣು ಚುರ್ ಅಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಇಷ್ಟನ್ನು ಅವರು ಮೀಟರ್ ಮುಟ್ಟುವ ಮೊದಲೇ ಹೇಳುತ್ತಿದ್ದರು, ನೂರಕ್ಕೆ ತೊಂಬತ್ತು ಪಾಲು ಸರಿಯಿರುತ್ತಿತ್ತು. ತೀರ್ಥಹಳ್ಳಿಯಿಂದ, ಶಿಕಾರಿಪುರದಿಂದ ಜನ ಹುಡುಕಿಕೊಂಡು ಬರುತ್ತಿದ್ದದ್ದು ಆ ಮೂಗಿಗೆ.

ಸತ್ತ ಸೆನ್ಸರುಗಳನ್ನು ಅವರು ಬಿಸಾಡುತ್ತಿರಲಿಲ್ಲ. ಒಂದು ಹಳೆಯ ಬಿಸ್ಕತ್ತಿನ ಡಬ್ಬದ ತುಂಬ ಇದ್ದವು. ಒಂದೊಂದಕ್ಕೂ ದಾರ ಕಟ್ಟಿ, ದಾರದ ತುದಿಗೆ ರಟ್ಟಿನ ಚೀಟಿ. ಚೀಟಿಯಲ್ಲಿ ಗಾಡಿ ನಂಬರು, ಅದರ ಕೆಳಗೆ ಕೊಂದವರ ಹೆಸರು: ಕೂಲೆಂಟ್. ಆಯಿಲ್. ಕಲಬೆರಕೆ ಪೆಟ್ರೋಲ್. ಗ್ಯಾಸ್ಕೆಟ್ ಗಮ್. ಕೆಲವಕ್ಕೆ ಮಾತ್ರ, ವಯಸ್ಸು. ಕೊಂದವರು ಯಾರೆಂದು ಗೊತ್ತಾಗದೆ ಹೊಸದನ್ನು ಹಾಕುವುದಿಲ್ಲ ಅನ್ನುವುದು ಅವರ ಹಟ. ಒಮ್ಮೆ ವಿನೋಬನಗರದ ದೊಡ್ಡ ಮನುಷ್ಯರೊಬ್ಬರು ‘ಸುಮ್ಮನೆ ಹೊಸದು ಹಾಕ್ರೀ, ನಂಗೆ ಪುರಾಣ ಬೇಡ’ ಎಂದು ರೇಗಿದರು. ಇವರು ಅವರ ಕಿರುಬೆರಳಿಗೆ ಕಾರಿನ ಕೀ ಸಿಕ್ಕಿಸಿ ಒಳಗೆ ಹೋಗಿ ಟೀ ಕುಡಿದರು. ಎಂಥ ಅಹಂಕಾರ ಅಂತ ನನಗೆ ಆಗ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ನನ್ನ ಹೆಂಡತಿಗೆ ಕಿಡ್ನಿಯ ತೊಂದರೆ ಶುರುವಾಗಿ ನಾಲ್ಕು ವರ್ಷ ದಾಟಿತು. ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ವಿನೋಬನಗರದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಾವಿರುವುದು ಭದ್ರಾವತಿಯ ನ್ಯೂ ಟೌನಿನಲ್ಲಿ. ಬೆಳಿಗ್ಗೆ ಆರಕ್ಕೆ ಅವಳನ್ನು ಕಾರಿನಲ್ಲಿ ಕೂರಿಸಿ, ಥಂಡಿ ಹೊಡೆಯದಿರಲೆಂದು ಕಿಟಕಿ ಗಾಜು ಪೂರ್ತಿ ಏರಿಸಿ, ಎಂಜಿನ್ ಬೆಚ್ಚಗಾಗಲಿ ಎಂದು ಶೆಡ್ಡಿನಲ್ಲೇ ಐದು ನಿಮಿಷ ಓಡಲು ಬಿಟ್ಟು, ಅಷ್ಟರಲ್ಲಿ ನಾನು ಮನೆ ಬೀಗ, ಗೇಟು, ಹಾಲಿನ ಪಾತ್ರೆ ಎಂದು ಓಡಾಡಿಕೊಂಡಿರುತ್ತಿದ್ದೆ. ಇದು ನಾನು ಬಹಳ ಕಾಳಜಿಯಿಂದ ಮಾಡಿಕೊಂಡಿದ್ದ ಏರ್ಪಾಡು.

ಎರಡನೆಯ ವರ್ಷದ ಚಳಿಗಾಲದಲ್ಲಿ ಅವಳಿಗೆ ತಲೆನೋವು ಶುರುವಾಯಿತು. ಆಸ್ಪತ್ರೆಯಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಇದು ಸಾಮಾನ್ಯ ಅಂದರು, ಮಾತ್ರೆ ಕೊಟ್ಟರು. ಅವಳು ನನ್ನ ಹತ್ತಿರ ಅಂದಳು:

“ಡಯಾಲಿಸಿಸ್ ಆದ್ಮೇಲಲ್ಲ ರೀ. ಆಗೋ ಮೊದ್ಲೇ ಬರುತ್ತೆ. ಕಾರಲ್ಲಿ ಕೂತ್ರೆ ಬರುತ್ತೆ. ಏನೋ ವಾಸನೆ.”

“ನಿನಗೆ ಅನ್ನಕ್ಕೂ ವಾಸನೆ, ನೀರಿಗೂ ವಾಸನೆ ಮಾರಾಯ್ತಿ” ಅಂದೆ. ಅದು ಸುಳ್ಳೇನಲ್ಲ. ಆ ಕಾಯಿಲೆ ಬಂದಮೇಲೆ ಅವಳಿಗೆ ಊಟವೇ ರುಚಿಸುತ್ತಿರಲಿಲ್ಲ. ನನಗಂತೂ ಯಾವ ವಾಸನೆಯೂ ಬರುತ್ತಿರಲಿಲ್ಲ. ಎಲ್ಲಿಂದ ಬರಬೇಕು? ನಲವತ್ತು ವರ್ಷದಿಂದ ನಸ್ಯ ಏರಿಸಿ ಏರಿಸಿ ನನ್ನ ಮೂಗು ಕೊರಡಾಗಿತ್ತು.

ಅದೇ ಹೊತ್ತಿಗೆ ಹಳದಿ ದೀಪವೂ ಹತ್ತಿಕೊಂಡಿತು. ಬೆಳಗಿನ ಹೊತ್ತು ಹತ್ತುವುದು, ಎರಡು ದಿನಕ್ಕೆ ಆರುವುದು, ಮತ್ತೆ ಹತ್ತುವುದು. ಗುರುವಾರ ಆಸ್ಪತ್ರೆ ಮುಗಿಸಿ, ನಮ್ಮ ಕಾರನ್ನು ಹೊಸಮನೆಯಲ್ಲಿ ಬಿಟ್ಟು, ಅವಳನ್ನು ಬಾಡಿಗೆ ಕಾರಿನಲ್ಲಿ ಮನೆಗೆ ಕರೆದುಕೊಂಡು ಬಂದೆ. ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಹೋದೆ. ಗಾಡಿ ತಣ್ಣಗೆ ನಿಂತಿತ್ತು. ನನ್ನ ಕೈಯಲ್ಲೇ ಸ್ಟಾರ್ಟ್ ಮಾಡಿಸಿ, ಅವರು ಎಂದಿನಂತೆ ಬಾನೆಟ್ಟಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದರು. ಒಂದು ಸಲ. ಮತ್ತೊಂದು ಸಲ. ಹಾಗೆ ಎರಡು ಸಲ ಎಳೆದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

“ಮನೆಯವಳು ವಾಸನೆ ಅಂತಾಳೆ” ಅಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. “ಅವಳ ಮಾತು ಬಿಡಿ, ಅವಳಿಗೀಗ ಎಲ್ಲಾ ವಾಸನೆ” ಎಂದು ನಾನೇ ಸೇರಿಸಿದೆ.

ಅವರು ನನ್ನ ಮುಖ ನೋಡಲಿಲ್ಲ. “ಹೂಂ, ನಂಗೇನೂ ಬರ್ತಿಲ್ಲ” ಅಂದರು. ಅಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. ಮೀಟರ್ ಸಿಕ್ಕಿಸಿ ಎಣಿಸಿದರು. ಮುಳ್ಳು ಆರಕ್ಕೆ ನಿಂತಿತು. ಗಟ್ಟಿಯೂ ಅಲ್ಲ, ಮುದಿಯೂ ಅಲ್ಲ. ಸ್ಕ್ಯಾನರ್ ‘ಗಾಳಿ ಹೆಚ್ಚು’ ಅನ್ನುತ್ತಿತ್ತು. ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ, “ಸೆನ್ಸರಿಗೆ ವಯಸ್ಸಾಗಿದೆ ಮೇಷ್ಟ್ರೇ, ಹೊಸದು ಹಾಕ್ತೀನಿ” ಅಂದರು. ಹಳೆಯದನ್ನು ಬಿಚ್ಚಿ, ದಾರ ಕಟ್ಟಿ, ಚೀಟಿ ಬರೆದು ಡಬ್ಬಕ್ಕೆ ಹಾಕಿದರು. ನಾನು ಸಮಾಧಾನದಿಂದ ಮನೆಗೆ ಬಂದೆ.

ಒಂದು ವಾರ ದೀಪ ಹತ್ತಲಿಲ್ಲ. ಆಮೇಲೆ ಮತ್ತೆ ಹತ್ತಿತು. ತಲೆನೋವಂತೂ ಒಂದು ದಿನವೂ ನಿಂತಿರಲಿಲ್ಲ. ದಿನೇದಿನೇ ಅದು ಜೋರಾಗಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ವಾಂತಿಯಾಗತೊಡಗಿತು. ಒಂದು ಬುಧವಾರ ಸಂಜೆ ಅವಳು ಹೂವು ಕಟ್ಟುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು.

“ನಾಳೆ ಒಂದು ದಿನ ಬರ್ತೀನಿ. ಸೋಮವಾರದಿಂದ ಬರಲ್ಲ.”

“ಎಲ್ಲಿಗೆ ಬರಲ್ಲ?”

“ಡಯಾಲಿಸಿಸ್‌ಗೆ. ಸಾಕಾಯ್ತು ರೀ. ಸೂಜಿ ತಡ್ಕೊಂಡೆ, ಉಪ್ಪಿಲ್ಲದ ಊಟ ತಡ್ಕೊಂಡೆ. ಈ ತಲೆನೋವು ನನ್ನ ಕೈಲಾಗಲ್ಲ. ಎಷ್ಟು ದಿನ ಇರ್ತೀನೋ ಅಷ್ಟು ದಿನ ಮನೇಲಿ ಇರ್ತೀನಿ.”

ಡಯಾಲಿಸಿಸ್ ನಿಲ್ಲಿಸಿದರೆ ಎಷ್ಟು ದಿನ ಅನ್ನುವುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಕೂಗಾಡಿದೆ. ಅವಳು ಹೂವು ಕಟ್ಟುತ್ತಲೇ ಇದ್ದಳು. ಅವಳ ಜೊತೆ ಸಂಸಾರ ಮಾಡಿದ ಅಷ್ಟು ವರ್ಷದಲ್ಲಿ ಅವಳು ಒಮ್ಮೆ ತೀರ್ಮಾನಿಸಿದ್ದನ್ನು ಬದಲಾಯಿಸಿದ್ದನ್ನು ನಾನು ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ, ಅವಳ ಲೆಕ್ಕದಲ್ಲಿ ಕೊನೆಯ ಗುರುವಾರ, ನ್ಯೂ ಟೌನಿನ ನಮ್ಮ ರಸ್ತೆಯ ತಿರುವಿನಲ್ಲಿ ಗ್ಯಾರೇಜಿನವರು ನಿಂತಿದ್ದರು. ಅಲ್ಲೇ ಅವರ ತಂಗಿಯ ಮನೆ. ನಾಮಕರಣಕ್ಕೆ ಬಂದು ಉಳಿದಿದ್ದರಂತೆ, ಬಸ್ಸಿಗೆ ಹೊರಟಿದ್ದರು. ಹತ್ತಿಸಿಕೊಂಡೆ. ಮುಂದಿನ ಸೀಟಿನಲ್ಲಿ ಅವಳ ಚೀಲ, ದಿಂಬು ಇದ್ದದ್ದರಿಂದ ಹಿಂದೆ ಅವಳ ಪಕ್ಕದಲ್ಲೇ ಕೂತರು. ನನ್ನ ಕಡೆಯದು ಬೆರಳಷ್ಟು ಇಳಿದಿತ್ತು, ಉಳಿದ ಗಾಜುಗಳೆಲ್ಲ ಏರಿದ್ದವು.

ಊರು ದಾಟುವ ಹೊತ್ತಿಗೆ ಕನ್ನಡಿಯಲ್ಲಿ ನೋಡಿದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಅವರು ಅದನ್ನೇ ನೋಡುತ್ತಿದ್ದರು.

“ಏನಕ್ಕಾ?”

“ವಾಸನೆ ಕಣಪ್ಪ. ನಿಂಗೆ ಬರ್ತಿಲ್ವಾ?”

ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕೇಳಿದರು. “ಎಂಥಾ ವಾಸನೆ?”

“ಒಲೆ ಆರಿಸಿದ್ಮೇಲೆ ಬರುತ್ತಲ್ಲ, ಅಂಥದ್ದು. ಅದರ ಜೊತೆ ಪೆಟ್ರೋಲು. ಗಾಡಿ ಸ್ಟಾರ್ಟ್ ಆದಾಗ ಜಾಸ್ತಿ, ಆಮೇಲಾಮೇಲೆ ಕಮ್ಮಿ. ಆದ್ರೆ ಅಷ್ಟೊತ್ತಿಗೆ ತಲೆ ಸಿಡಿಯೋಕೆ ಶುರುವಾಗಿರುತ್ತೆ. ಹೇಳಿ ಹೇಳಿ ಸಾಕಾಯ್ತಪ್ಪ. ಇವರು ನಂಬಲ್ಲ, ಡಾಕ್ಟ್ರು ನಂಬಲ್ಲ.”

ಮಾಚೇನಹಳ್ಳಿ ಹತ್ತಿರ ಬರುತ್ತಿದ್ದ ಹಾಗೆ ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. “ಗಾಡಿ ನಿಲ್ಸಿ ಮೇಷ್ಟ್ರೇ” ಅಂದರು. ಯಾಕೆ ಅಂದೆ. “ನಿಲ್ಸೀ ಅಂದ್ನಲ್ಲ!” ಎಂದು ಕೂಗಿದರು. ಅವರು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ. ನಿಲ್ಲಿಸಿದೆ. ಅವರೇ ಇಳಿದು, ಆ ಕಡೆ ಬಂದು, ಬಾಗಿಲು ತೆಗೆದು, ಅವಳ ಕೈ ಹಿಡಿದು ಇಳಿಸಿ, ರಸ್ತೆ ಬದಿಯ ಮರದ ಕೆಳಗೆ ಕೂರಿಸಿದರು. ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟರು. ಆಮೇಲೆ ಅವಳ ಎದುರು, ಸೈಲೆನ್ಸರಿನ ಮುಂದೆ ಕೂರುತ್ತಿದ್ದ ಹಾಗೆಯೇ, ಕುಕ್ಕರುಗಾಲಲ್ಲಿ ಕೂತರು.

“ಅಕ್ಕಾ, ನಂಗೆ ಮೂಗಿಲ್ಲ” ಅಂದರು. “ಕೊರೊನಾ ಬಂದಾಗ ಹೋಯ್ತು. ಎಲ್ಲರಿಗೂ ವಾಪಸ್ ಬಂತು, ನಂಗೆ ಬರ್ಲಿಲ್ಲ. ಯಾರಿಗೂ ಹೇಳ್ಲಿಲ್ಲ. ಮನೇಲೂ ಹೇಳ್ಲಿಲ್ಲ. ಸಾರು ಹಳಸಿದ್ರೆ ಹಂಗೇ ಉಣ್ತಿದ್ದೆ. ಗ್ಯಾರೇಜಿಗೆ ಬರೋರೆಲ್ಲ ನನ್ನ ಮೂಗು ಹುಡುಕ್ಕೊಂಡು ಬರೋರು, ಅದೇ ಇಲ್ಲ ಅಂದ್ರೆ... ಅವತ್ತು ನಿಮ್ಮ ಗಾಡಿ ಮೂಸಿದೆನಲ್ಲ, ಅದು ನಾಟಕ. ನೀವು ಹೇಳಿದ್ದು ಸರಿ. ಹೊಗೆ ಒಳಗೆ ಬರ್ತಿದೆ. ಈಗ ನಂಗೂ ತಲೆ ಸಿಡೀತಿದೆ.”

ಅವರ ಕಣ್ಣಲ್ಲಿ ನೀರು ಬಂದಿತ್ತು. ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ. ಇಂಧನ ಪೂರ್ತಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದು ರಕ್ತ ಸೇರಿದರೆ ತಲೆನೋವು, ವಾಂತಿ, ಕೊನೆಗೆ ಸಾವು. ಈ ಪಾಠವನ್ನು ನಾನು ಮೂವತ್ತೆರಡು ಸಲ ಬೋರ್ಡಿನ ಮೇಲೆ ಬರೆದಿದ್ದೆ. ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಓಡಿಸಬಾರದು ಎಂದು ಮಕ್ಕಳಿಂದ ಒಟ್ಟಿಗೆ ಹೇಳಿಸಿದ್ದೆ. ಆ ಪಾಠ ಮಾಡಿದವನೇ ಹೆಂಡತಿಯನ್ನು ಗಾಜು ಏರಿಸಿ ಶೆಡ್ಡಿನಲ್ಲಿ ಕೂರಿಸುತ್ತಿದ್ದೆ. ಥೂ ನನ್ನ ಜನ್ಮಕ್ಕೆ ಅನ್ನಿಸಿತು.

ಅವಳು ಮಾತ್ರ ಬಹಳ ಶಾಂತವಾಗಿದ್ದಳು. ಎಷ್ಟೋ ತಿಂಗಳ ಮೇಲೆ ಒಬ್ಬರು ಅವಳ ಮಾತು ನಂಬಿದ್ದರು. “ಅಳ್ಬೇಡ ಕಣಪ್ಪ” ಅಂದಳು. “ಹಳಸಿದ ಸಾರು ಉಣ್ತಿದ್ಯಾ? ಮನೇಲಿ ಹೇಳ್ಬಾರ್ದಾ?”

ಅವಳನ್ನು ನಾನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರು ಗಾಜು ಇಳಿಸಿಕೊಂಡು ಕಾರನ್ನು ವಾಪಸ್ ನ್ಯೂ ಟೌನಿಗೆ ಒಯ್ದು ನಮ್ಮ ಅಂಗಳದಲ್ಲಿ, ಶೆಡ್ಡಿನ ಹೊರಗೆ ನಿಲ್ಲಿಸಿದರು. ಅದು ಬೆಳಗಾಗುವವರೆಗೆ ತಣ್ಣಗಾಗಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದರು. ಒಂದು ಬಾಟಲಿಯಲ್ಲಿ ಸೋಪಿನ ನೀರು, ಒಂದು ದಪ್ಪ ಬಟ್ಟೆ. ಅವಳಿಗೆ ಜಗಲಿಯ ಮೇಲೆ, ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಸಿದರು. “ಅಕ್ಕಾ, ವಾಸನೆ ಬಂದ ತಕ್ಷಣ ಕೈ ಎತ್ತಿ. ಬಾಯಲ್ಲಿ ಹೇಳೋದು ಬೇಡ, ಎಂಜಿನ್ ಸದ್ದಲ್ಲಿ ಕೇಳ್ಸಲ್ಲ.” ಸೈಲೆನ್ಸರಿನ ಬಾಯಿಗೆ ಬಟ್ಟೆ ಒತ್ತಿ ಹಿಡಿಯಲು ನನ್ನನ್ನು ಕೂರಿಸಿ, ಎಂಜಿನ್ ಶುರು ಮಾಡಿ, ಬಾನೆಟ್ಟಿನ ಬಳಿ ಬಂದು ಎಂಜಿನ್ನಿನಿಂದ ಹೊಗೆ ಹೊರಬೀಳುವ ಬೀಡುಕಬ್ಬಿಣದ ಕೊಳವೆಯ ಮೇಲೆ ಸೋಪಿನ ನೀರು ಚಿಮುಕಿಸುತ್ತ ಬಂದರು. ಆ ಕೊಳವೆಗೆ ಮ್ಯಾನಿಫೋಲ್ಡ್ ಅನ್ನುತ್ತಾರೆ.

ಅವಳು ಕೈ ಎತ್ತಿದಳು. ನೀರಿನಲ್ಲಿ ಇನ್ನೂ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಅವರು ಅವಳ ಕೈ ನೋಡಿದರು, ಮತ್ತೆ ಕೊಳವೆ ನೋಡಿದರು, ಬಗ್ಗಿ ಕೆಳಭಾಗಕ್ಕೆ ನೀರು ಬಿಟ್ಟರು. ಅಲ್ಲಿ ಬುಳಬುಳ ಎಂದು ಗುಳ್ಳೆ ಎದ್ದವು. ಕೂದಲೆಳೆಯಂಥ ಬಿರುಕು. ಹೊಗೆ ಸೆನ್ಸರ್ ತಲುಪುವ ಮೊದಲೇ ಅಲ್ಲಿ ಹೊರಗೆ ಸೋರುತ್ತಿತ್ತು, ಅಲ್ಲಿಂದಲೇ ಹೊರಗಿನ ಗಾಳಿಯೂ ಒಳಗೆ ಹೋಗುತ್ತಿತ್ತು. ಗಾಳಿ ಹೆಚ್ಚಿದೆ ಎಂದು ಸೆನ್ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಅದನ್ನು ಕೇಳಿ ಕಂಪ್ಯೂಟರ್ ಪೆಟ್ರೋಲ್ ಏರಿಸಿತ್ತು. ಏರಿದ ಪೆಟ್ರೋಲು ಅರೆಬರೆ ಉರಿದು, ಹೊಗೆಯೆಲ್ಲ ಗಾಳಿ ಬರುವ ಕಿಂಡಿಯಿಂದ ಹಿಂದಿನ ಸೀಟಿಗೆ ಬರುತ್ತಿತ್ತು. ಹೊಸಮನೆ ಮುಟ್ಟುವಷ್ಟರಲ್ಲಿ ಬೀಡು ಕಾದು ಹಿಗ್ಗಿ ಬಿರುಕು ಬಹುಪಾಲು ಮುಚ್ಚಿಕೊಳ್ಳುತ್ತಿತ್ತು. ತಣ್ಣಗಿದ್ದಾಗ ಮೂಸಿದ ಆ ಒಂದು ಬೆಳಿಗ್ಗೆ ಮಾತ್ರ ಅದು ಸಿಗಬಹುದಾಗಿತ್ತು.

ಮಾರನೆಯ ದಿನ, ಶನಿವಾರ, ಕೊಳವೆ ಬದಲಾಯಿಸಿದಾಗ ನಾನೂ ಅವಳೂ ಗ್ಯಾರೇಜಿನಲ್ಲಿದ್ದೆವು. ಅವರು ಬಿಸ್ಕತ್ತಿನ ಡಬ್ಬದಿಂದ ನಮ್ಮ ಹಳೆಯ ಸೆನ್ಸರನ್ನು ಹುಡುಕಿ ತೆಗೆದು, ದಾರ ಕತ್ತರಿಸಿ, ಹೊಸದನ್ನು ಬಿಚ್ಚಿ, ಹಳೆಯದನ್ನೇ ವಾಪಸ್ ಕೂರಿಸಿದರು. ಯಾಕೆ ಅಂದೆ. “ನಿಜ ಹೇಳಿದ್ದು ಇದು. ಇದರ ಜಾಗ ಇದಕ್ಕೇ” ಅಂದರು. ಮೀಟರ್ ಸಿಕ್ಕಿಸಿದರು. ಒಣ್ಣು, ರೆಂಡು, ಮೂಣು... ಏಳು, ಎಟ್ಟು, ಒಂಬದು. ಒಂಬತ್ತಕ್ಕೆ ಬಂದಾಗ ಅವಳ ಕಡೆ ತಿರುಗಿ ಮಗುವಿನ ಹಾಗೆ ನಕ್ಕರು. ಅವತ್ತೇ ರಟ್ಟು ತಂದು ನನ್ನ ಮುಂದಿಟ್ಟು, ಬರೀರಿ ಮೇಷ್ಟ್ರೇ ಅಂದರು.

“ಇದು ಬೇಕಾ ಮಾರಾಯ್ರೆ? ಗಿರಾಕಿ ಕಮ್ಮಿ ಆಗ್ತಾರೆ.”

“ಆಗ್ಲಿ. ದಪ್ಪಗೆ ಬರೀರಿ, ಚಾಳೀಸು ಕನ್ನಡಕ ಇಲ್ದೋರಿಗೂ ಕಾಣ್ಬೇಕು.”

ಬರೆಯುವಾಗ ಒಂದು ಅಕ್ಷರ ವಕ್ರವಾಯಿತು. ಅದು ಈಗಲೂ ಹಾಗೇ ಇದೆ. ಗಿರಾಕಿಗಳು ಕಮ್ಮಿಯಾದದ್ದೂ ನಿಜ. ಮೂಗಿಗಾಗಿ ದೂರದೂರುಗಳಿಂದ ಬರುತ್ತಿದ್ದವರು ಬೇರೆ ಕಡೆ ಹೋದರು. ಉಳಿದವರನ್ನು ಅವರು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು: ಎಂಥಾ ವಾಸನೆ, ಯಾವಾಗ, ಯಾರಿಗೆ ಬಂತು. ಗಂಡ ಮಾತಾಡುತ್ತಿದ್ದರೆ ‘ನೀವು ಸ್ವಲ್ಪ ಸುಮ್ನಿರಿ ಸಾರ್’ ಎಂದು ಹೆಂಡತಿಯ ಕಡೆ ತಿರುಗುತ್ತಿದ್ದರು. ಮೊದಲಿನಷ್ಟು ಬೇಗ ಹೇಳುತ್ತಿರಲಿಲ್ಲ. ಆದರೆ ನನಗೆ ಗೊತ್ತಿದ್ದ ಮಟ್ಟಿಗೆ ಮತ್ತೆ ತಪ್ಪು ಹೇಳಲಿಲ್ಲ.

ತಲೆನೋವು ಅಲ್ಲಿಗೆ ನಿಂತಿತು. ಅವಳು ಬರಲ್ಲ ಎಂದಿದ್ದ ಆ ಸೋಮವಾರ ಬೆಳಿಗ್ಗೆ ಆರಕ್ಕೆ, ನಾನು ಕೇಳುವ ಧೈರ್ಯವಿಲ್ಲದೆ ಸುಮ್ಮನೆ ಕಾರಿನ ಪಕ್ಕ ನಿಂತಿದ್ದೆ. ಅವಳು ಚೀಲ ಹಿಡಿದು ಬಂದು, “ಏನ್ ನೋಡ್ತಾ ನಿಂತಿದೀರಿ, ಹೊತ್ತಾಯ್ತು” ಅಂದಳು. ನಸ್ಯದ ಡಬ್ಬಿಯನ್ನು ಅವತ್ತು ದಾರಿಯಲ್ಲಿ ಎಸೆದೆ.

ಆಮೇಲೆ ಎರಡು ವರ್ಷ, ಪ್ರತಿ ಸೋಮವಾರ, ಪ್ರತಿ ಗುರುವಾರ, ಸ್ವಲ್ಪ ಸುತ್ತಾದರೂ ನಾವು ಹೊಸಮನೆಯ ಮೇಲೆಯೇ ಹೋಗುತ್ತಿದ್ದೆವು. ಗ್ಯಾರೇಜಿನ ಮುಂದೆ ಗಾಡಿ ನಿಧಾನ ಮಾಡುವುದೇ ತಡ, ಅವರು ಕೈ ಒರೆಸಿಕೊಂಡು ಬಂದು ಅವಳ ಕಿಟಕಿಗೆ ಬಗ್ಗುತ್ತಿದ್ದರು. ನನ್ನನ್ನು ಕೇಳುತ್ತಿರಲಿಲ್ಲ.

“ಅಕ್ಕಾ, ಏನಾದ್ರೂ ವಾಸನೆ?”

“ಏನೂ ಇಲ್ಲ ಕಣಪ್ಪ.”

“ಹಂಗಾರೆ ಹೋಗ್ಬನ್ನಿ.”

ಇಷ್ಟೇ ಮಾತು. ಒಮ್ಮೆ ಅವಳು ‘ನೀನಿವತ್ತು ಸ್ನಾನ ಮಾಡಿಲ್ಲ, ಆ ವಾಸನೆ ಬಿಟ್ರೆ ಏನಿಲ್ಲ’ ಅಂದಾಗ ಅವರು ರಸ್ತೆಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಹೋದ ತಿಂಗಳು ಒಂದು ಶನಿವಾರ, ಆಯಿಲ್ ಡಬ್ಬದ ಮೇಲೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಹೃದಯ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲ. ಐವತ್ತೆಂಟಾಗಿತ್ತು ಅಷ್ಟೇ. ನನಗಿಂತ ಒಂಬತ್ತು ವರ್ಷ ಚಿಕ್ಕವರು. ನನ್ನ ಹೆಂಡತಿಗೆ ಹೇಳುವುದು ಹೇಗೆ ಎಂದು ನಾನು ಅರ್ಧ ದಿನ ಒದ್ದಾಡಿದೆ.

ಹನ್ನೊಂದನೆಯ ದಿನ ಹೋಗಿದ್ದೆವು. ಅವರ ಮನೆಯಾಕೆ ನಮ್ಮನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, ಬಿಸ್ಕತ್ತಿನ ಡಬ್ಬ ತೋರಿಸಿ, ಇದನ್ನೇನು ಮಾಡಲಿ ಮೇಷ್ಟ್ರೇ ಎಂದು ಕೇಳಿದರು. ಮುಚ್ಚಳ ತೆಗೆದೆ. ಸೆನ್ಸರುಗಳ ನಡುವೆ ಒಂದು ಚೀಟಿ ಮಾತ್ರ ಬರಿದೇ ಬಿದ್ದಿತ್ತು. ಕತ್ತರಿಸಿದ ದಾರ, ತುದಿಯಲ್ಲಿ ಸೆನ್ಸರ್ ಇಲ್ಲ. ನಮ್ಮ ಕಾರಿನ ನಂಬರು. ಅದರ ಕೆಳಗೆ ‘ವಯಸ್ಸು’ ಎಂದು ಬರೆದದ್ದನ್ನು ಹೊಡೆದುಹಾಕಿ, ಅವರ ಸೊಟ್ಟ ಅಕ್ಷರದಲ್ಲಿ ‘ನನ್ನ ಮೂಗು’ ಎಂದು ಬರೆದಿದ್ದರು. ಅದರ ಪಕ್ಕ ಇನ್ನೊಂದು ಹೆಸರು ಬಾಕಿ ಇತ್ತು, ಅದನ್ನು ಬರೆಯಬೇಕಾದವನು ನಾನು. ಜೇಬಿನಿಂದ ಪೆನ್ನು ತೆಗೆದು ‘ಮೇಷ್ಟ್ರ ಮೂಗೂ’ ಎಂದು ಸೇರಿಸಿ, ಚೀಟಿಯನ್ನು ಅಲ್ಲೇ ಇಟ್ಟು ಮುಚ್ಚಳ ಹಾಕಿದೆ. ಡಬ್ಬ ಇರಲಿ ಅಂದೆ.

“ಈ ರಟ್ಟು ತೆಗೀಲಾ?” ಎಂದು ಆಕೆ ಗೋಡೆ ತೋರಿಸಿದರು.

“ಬೇಡಮ್ಮ, ಇರ್ಲಿ” ಎಂದಳು ನನ್ನ ಹೆಂಡತಿ.

ಅದಾದ ಮೇಲಿನ ಸೋಮವಾರ ನಾನು ಹೊಸಮನೆ ತಪ್ಪಿಸಿ ನೇರ ದಾರಿ ಹಿಡಿಯಲು ಹೊರಟೆ. ಮುಚ್ಚಿದ ಷಟರನ್ನು ಅವಳು ನೋಡುವುದು ಯಾಕೆ ಅಂತ. ಅವಳು ಹಿಂದಿನಿಂದ ನನ್ನ ಭುಜ ತಟ್ಟಿದಳು. “ಅಲ್ಲಿಗೆ ಹೋಗಿ.” ಹೋದೆ. ಗ್ಯಾರೇಜಿನ ಮುಂದೆ ನಿಧಾನ ಮಾಡಿದೆ. “ನಿಲ್ಸಿ” ಅಂದಳು. ನಿಲ್ಲಿಸಿದೆ. ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಬೆಳಗಿನ ಚಳಿ ಒಳಗೆ ಬಂತು. ಷಟರಿನ ಕಡೆ ಮುಖ ಮಾಡಿ, ಯಾರೋ ಬಗ್ಗಿ ಕೇಳಿದ ಹಾಗೆ, ನಿಧಾನವಾಗಿ ಒಂದು ಉಸಿರು ಎಳೆದುಕೊಂಡಳು.

“ಏನೂ ಇಲ್ಲ ಕಣಪ್ಪ” ಅಂದಳು.

ನನಗೆ ಕಣ್ಣು ಮಂಜಾಗಿ ರಸ್ತೆ ಕಾಣಲಿಲ್ಲ. ಕಣ್ಣು ಒರೆಸಿಕೊಂಡು ಗಾಡಿ ಹೊರಡಿಸಿದೆ.